ಪೂಲ್ ಆಟಗಾರನನ್ನು ಕೂರಿಸಿಕೊಂಡು ಕೇಳಬೇಕಾದದ್ದು

(ಬಳ್ಳಾರಿಯಲ್ಲಿ ಕ್ರೀಡಾಸಕ್ತರೂ ಪತ್ರಿಕೋದ್ಯಮದ ವಿದ್ಯಾರ್ಥಿಗಳೂ ಸೇರಿದ್ದ ಸಂಜೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರ ಪ್ರಶ್ನೆಗಳಲ್ಲಿ ಎರಡನ್ನು ಕೊನೆಯಲ್ಲಿ ಉಳಿಸಿಕೊಂಡಿದ್ದೇನೆ.)

ಸ್ನೇಹಿತರೇ,

ನಮ್ಮ ಊರುಗಳಲ್ಲಿ ಪೂಲ್, ಅಂದರೆ ಕ್ಯೂ ಎಂಬ ಕೋಲಿನಿಂದ ಚೆಂಡು ಹೊಡೆದು ಮೇಜಿನ ಪಾಕೆಟ್‌ಗೆ ಹಾಕುವ ಆಟ, ಎಂದೊಡನೆ ಕಣ್ಣಿಗೆ ಬರುವುದು ಒಂದು ಮೆಟ್ಟಿಲ ಸಾಲು. ಅಂಗಡಿಗಳ ನಡುವಿನ ಇಕ್ಕಟ್ಟಾದ ಮೆಟ್ಟಿಲು, ಮೇಲೆ ಗಾಜಿಗೆ ಕಪ್ಪು ಹಾಳೆ ಅಂಟಿಸಿದ ಬಾಗಿಲು, ಒಳಗೆ ಮೇಜಿನ ಮೇಲೆ ಇಳಿಬಿಟ್ಟ ದೀಪ, ಸೋತವನೇ ಟೇಬಲ್ ಬಾಡಿಗೆ ಕೊಡಬೇಕೆಂಬ ಅಲಿಖಿತ ಕಾನೂನು. ಕಾಲೇಜು ತಪ್ಪಿಸಿದ ಮಗನನ್ನು ಹುಡುಕುವ ತಂದೆ ಮೊದಲು ಹತ್ತುವುದು ಆ ಮೆಟ್ಟಿಲುಗಳನ್ನೇ. ಹಾಗಾಗಿ ಈ ಆಟವನ್ನು ಬದುಕಿನ ಕಸುಬಾಗಿ ಮಾಡಿಕೊಂಡವರಿದ್ದಾರೆ, ಅವರನ್ನು ಗಂಟೆಗಟ್ಟಲೆ ಕೂರಿಸಿಕೊಂಡು ಮಾತನಾಡಿಸಬೇಕು ಎಂದರೆ ಕೆಲವರು ನಗುತ್ತಾರೆ. ನಗಲಿ. ಕುಸ್ತಿಯ ಪೈಲ್ವಾನರನ್ನೂ ನಾಟಕ ಕಂಪನಿಯ ನಟರನ್ನೂ ಕಂಡು ಒಂದು ಕಾಲದಲ್ಲಿ ಹೀಗೆಯೇ ನಕ್ಕಿದ್ದರು. ಈಗ ಅವರ ಕುರಿತು ವಿಚಾರ ಸಂಕಿರಣಗಳು ನಡೆಯುತ್ತವೆ.

ಮೊದಲು ಆಟಗಳ ಗೊಂದಲ ಬಿಡಿಸಿಬಿಡುತ್ತೇನೆ. ಬಿಲಿಯರ್ಡ್ಸ್ ಮೂರೇ ಚೆಂಡಿನ ಆಟ. ಸ್ನೂಕರ್‌ನಲ್ಲಿ ಹದಿನೈದು ಕೆಂಪು, ಆರು ಬೇರೆ ಬಣ್ಣದವು, ಒಂದು ಬಿಳಿ. ಮೇಜು 12 ಅಡಿ. ವೃತ್ತಿಪರ ಪೂಲ್‌ನ ಮೇಜು 9 ಅಡಿ, ಚೆಂಡು ಸ್ನೂಕರ್ ಚೆಂಡಿಗಿಂತ ದೊಡ್ಡದು. ಪಾರ್ಲರ್‌ನಲ್ಲಿ ನಾವು ಹೆಚ್ಚಾಗಿ ನೋಡುವುದು ಎಯ್ಟ್‌ಬಾಲ್. ವಿಶ್ವಮಟ್ಟದ ದೊಡ್ಡ ಪಂದ್ಯಗಳಲ್ಲಿ ನೈನ್‌ಬಾಲ್ ಹೆಚ್ಚು. ಮೇಜಿನ ಮೇಲಿರುವ ಅತಿ ಕಡಿಮೆ ಸಂಖ್ಯೆಯ ಚೆಂಡಿಗೇ ಬಿಳಿ ಚೆಂಡು ಮೊದಲು ತಾಗಬೇಕು, ಒಂಬತ್ತನೆಯ ಚೆಂಡನ್ನು ನಿಯಮಬದ್ಧವಾಗಿ ಹಾಕಿದವನು ಗೆದ್ದ. ಇವತ್ತಿನ ಮಾತಿಗೆ ಇಷ್ಟು ಸಾಕು.

ಈಗ ವಿಷಯಕ್ಕೆ ಬರೋಣ. ಪಂದ್ಯ ಮುಗಿದ ಕೂಡಲೇ ಗೆದ್ದವನ ಬಾಯಿಯ ಮುಂದೆ ಮೈಕು ಹಿಡಿಯುತ್ತಾರೆ. "ಹೇಗನಿಸುತ್ತಿದೆ?" ಎಂದು ಕೇಳುತ್ತಾರೆ. "ಸಂತೋಷವಾಗಿದೆ, ಎದುರಾಳಿ ಚೆನ್ನಾಗಿ ಆಡಿದರು, ನಾನು ಒಂದೊಂದೇ ಚೆಂಡಿನ ಕಡೆ ಗಮನ ಕೊಟ್ಟೆ" ಎಂಬ ಉತ್ತರ ಬರುತ್ತದೆ. ಆ ಮನುಷ್ಯ ಸುಳ್ಳು ಹೇಳುತ್ತಿಲ್ಲ. ಅವನಿಗೆ ಕೇಳಿದ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರವೇ ಇಲ್ಲ. ಮರುದಿನ ಪತ್ರಿಕೆಯಲ್ಲಿ ಅಂಕಗಳು ಅಚ್ಚಾಗುತ್ತವೆ, ಕತೆ ಮುಗಿಯುತ್ತದೆ. ಏಳನೆಯ ಸುತ್ತಿನಲ್ಲಿ ಸುಲಭದ ಚೆಂಡನ್ನು ಬಿಟ್ಟು ಅವನು ಸೇಫ್ಟಿ, ಅಂದರೆ ಎದುರಾಳಿಗೆ ಅವಕಾಶ ಕೊಡದ ರಕ್ಷಣೆಯ ಹೊಡೆತ, ಆಡಿದ್ದೇಕೆ, ಆ ಕ್ಷಣದಲ್ಲಿ ಅವನು ಏನನ್ನು ಕಂಡು ಹೆದರಿದ ಎಂಬುದು ಅವನೊಂದಿಗೇ ಮನೆಗೆ ಹೋಗುತ್ತದೆ.

ಮನೆಗೆ ಹೋದದ್ದು ವಾಪಸು ಬರುವುದು ಅಪರೂಪ. ಬಂದ ಒಂದು ಪ್ರಸಂಗ ಹೇಳುತ್ತೇನೆ. ಸ್ನೂಕರ್ 1875ರಲ್ಲಿ ಜಬಲ್ಪುರದ ಸೇನಾಧಿಕಾರಿಗಳ ಮೆಸ್ಸಿನಲ್ಲಿ ಹುಟ್ಟಿತೆಂದು ಇಂದು ಎಲ್ಲ ಕಡೆ ಬರೆಯುತ್ತಾರೆ. ಅದು ಹೇಗೆ ಗೊತ್ತಾಯಿತು? 1938ರಲ್ಲಿ ಇಂಗ್ಲೆಂಡಿನ 'ದಿ ಫೀಲ್ಡ್' ಪತ್ರಿಕೆಯಲ್ಲಿ ಆ ಆಟದ ಮೂಲದ ಬಗ್ಗೆ ಬೇರೊಂದು ವಾದ ಬಂತು. ಆಗ ಎಂಬತ್ತು ದಾಟಿದ್ದ ನೆವಿಲ್ ಚೇಂಬರ್ಲೇನ್, ಅಂದರೆ ಬ್ರಿಟನ್ನಿನ ಪ್ರಧಾನಿಯಲ್ಲ, ಅದೇ ಹೆಸರಿನ ನಿವೃತ್ತ ಸೇನಾಧಿಕಾರಿ, ಅದೇ ಪತ್ರಿಕೆಗೆ ಬರೆದು ಜಬಲ್ಪುರದಲ್ಲಿ ಆ ಆಟ ಕಟ್ಟಿದವನು ತಾನೇ ಎಂದರು. ಅವರ ಕಾಲದ ಇನ್ನೂ ಕೆಲವರು ಹೌದೆಂದು ಸಾಕ್ಷಿ ನುಡಿದರು. ಅರವತ್ತಕ್ಕೂ ಹೆಚ್ಚು ವರ್ಷ ಯಾರೂ ಕೇಳದೆ ಇದ್ದ ಸಂಗತಿ ಹೊರಗೆ ಬಂದದ್ದು ಒಬ್ಬ ಮುದುಕನಿಗೆ ಸಿಟ್ಟು ಬಂದದ್ದರಿಂದ ಮತ್ತು ಅವನು ಇನ್ನೂ ಬದುಕಿದ್ದುದರಿಂದ. ಆರು ವರ್ಷಗಳ ನಂತರ ಅವರು ತೀರಿಕೊಂಡರು.

ಇದಕ್ಕೆ ನಮ್ಮ ಕಡೆಯದೂ ಒಂದು ಎಳೆಯಿದೆ. ಆ ಆಟದ ನಿಯಮಗಳು 1880ರ ದಶಕದಲ್ಲಿ ಊಟಿಯ ಕ್ಲಬ್ಬಿನಲ್ಲಿ ಗಟ್ಟಿಯಾದವು. ಆಗ ಊಟಿಯೂ ಬಳ್ಳಾರಿಯೂ ಒಂದೇ ಮದ್ರಾಸ್ ಪ್ರಾಂತ್ಯದವು. ನಮ್ಮ ಕಂಟೋನ್ಮೆಂಟ್‌ನಲ್ಲಿ ದಂಡು ಬೀಡುಬಿಟ್ಟಿತ್ತು. ಆ ಕಾಲದ ಕ್ಲಬ್ಬು ಮೆಸ್ಸುಗಳಲ್ಲಿ ಅಂಕ ಕೂಗುತ್ತ, ಚೆಂಡು ಜೋಡಿಸುತ್ತ, ಜೊತೆಗಾರರಿಲ್ಲದ ಸಾಹೇಬರ ಜೊತೆ ತಾವೂ ಆಡುತ್ತಿದ್ದ ಮಾರ್ಕರ್‌ಗಳು ನಮ್ಮ ಜನ. ಸಾಹೇಬರು ಪತ್ರ ಬರೆದರು. ಮಾರ್ಕರ್‌ಗೆ ಯಾರೂ ಕಾಗದ ಕೊಡಲಿಲ್ಲ.

"ಈಗ ವಿಡಿಯೊ ಇದೆಯಲ್ಲ, ಎಲ್ಲವೂ ಯೂಟ್ಯೂಬಿನಲ್ಲಿದೆ, ಸಂದರ್ಶನ ಏಕೆ?" ಎಂದು ನೀವು ಕೇಳಬಹುದು. ನನ್ನ ಇವತ್ತಿನ ಮಾತೆಲ್ಲ ಇರುವುದು ಇಲ್ಲಿಯೇ. ಸ್ವಲ್ಪ ತಾಳ್ಮೆಯಿಂದ ಕೇಳಿ.

ಪೂಲ್ ಆಟಗಾರ ವಿಲ್ಲಿ ಮೊಸ್ಕೋನಿ 1954ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಒಂದೂ ತಪ್ಪದೆ ಸತತ 526 ಚೆಂಡು ಹಾಕಿದರು. ಕಂಡವರು ಪ್ರಮಾಣಪತ್ರ ಬರೆದುಕೊಟ್ಟರು. ಚಿತ್ರೀಕರಣ ಇಲ್ಲ. 2019ರಲ್ಲಿ ಜಾನ್ ಶ್ಮಿಟ್ 626ರವರೆಗೆ ಹೋದರು, 2022ರಲ್ಲಿ ಜೇಸನ್ ಶಾ 714 ಮುಟ್ಟಿದರು. ಇವು ಕ್ಯಾಮೆರಾದ ಮುಂದೆ ನಡೆದವು. ಹಾಗಾದರೆ ಮೊಸ್ಕೋನಿಗಿಂತ ಶಾ ನಮಗೆ ಹೆಚ್ಚು ಅರ್ಥವಾಗಿದ್ದಾರೆಯೇ? ಚೆಂಡು ಎಲ್ಲಿಗೆ ಹೋಯಿತೆಂದು ವಿಡಿಯೊ ತೋರಿಸುತ್ತದೆ. ಹೋಗಬಹುದಾಗಿದ್ದ ಇನ್ನೂ ನಾಲ್ಕು ದಾರಿಗಳನ್ನು ಆಟಗಾರ ಏಕೆ ಬಿಟ್ಟ ಎಂಬುದನ್ನು ತೋರಿಸುವುದಿಲ್ಲ. ಈ ಆಟದಲ್ಲಿ ಜಾಣತನವೆಲ್ಲ ಇರುವುದು ಬಿಟ್ಟ ದಾರಿಗಳಲ್ಲಿ.

ಫಿಲಿಪ್ಪೀನ್ಸ್‌ನ ಎಫ್ರೆನ್ ರೇಯೆಸ್ 1995ರಲ್ಲಿ ರೀನೋ ನಗರದಲ್ಲಿ ಎರ್ಲ್ ಸ್ಟ್ರಿಕ್ಲೆಂಡ್ ಎದುರು ಆಡಿದ ಒಂದು ಹೊಡೆತವನ್ನು ಈ ಆಟದ ಹುಚ್ಚಿರುವವರೆಲ್ಲ ನೋಡಿರುತ್ತಾರೆ. ಆಡಬೇಕಾದ ಚೆಂಡು ಮರೆಯಲ್ಲಿದೆ, ನೇರ ದಾರಿಯಿಲ್ಲ. ರೇಯೆಸ್ ಬಿಳಿ ಚೆಂಡನ್ನು ಮೇಜಿನಂಚಿನ ಎರಡು ಕುಶನ್‌ಗಳಿಗೆ ತಾಗಿಸಿ ಅಂಕುಡೊಂಕಾಗಿ ಓಡಿಸಿ ಮರೆಯ ಚೆಂಡನ್ನು ಪಾಕೆಟ್‌ಗೆ ಹಾಕಿದ್ದಲ್ಲದೆ ಮುಂದಿನ ಚೆಂಡಿಗೂ ಜಾಗ ಮಾಡಿಕೊಂಡರು. ಜನ ಅವರನ್ನು ಮಾಂತ್ರಿಕ ಎಂದು ಕರೆಯುತ್ತಾರೆ. ಆ ಬಿರುದನ್ನು ನಾನು ಮೆಚ್ಚುವುದಿಲ್ಲ. ಮಂತ್ರ ಎಂದುಬಿಟ್ಟರೆ ಕೇಳುವ ಕೆಲಸ ಮುಗಿದುಹೋಗುತ್ತದೆ.

ಕೇಳಬೇಕಾದದ್ದು ಏನೆಂದು ನೋಡೋಣ. ಬಿಳಿ ಚೆಂಡಿನ ನಡುವನ್ನು ಬಿಟ್ಟು ಬಲಕ್ಕೆ ಹೊಡೆದರೆ, ಅಂದರೆ ನಮ್ಮ ಹುಡುಗರು ಹೇಳುವ ಹಾಗೆ ಸೈಡ್ ಹಾಕಿದರೆ, ಅದು ಕ್ಯೂ ತೋರಿಸಿದ ಗೆರೆಯಲ್ಲಿ ಹೋಗುವುದಿಲ್ಲ. ಮೊದಲು ಕೊಂಚ ಎಡಕ್ಕೆ ಜಾರುತ್ತದೆ. ಕ್ಯೂವಿನ ಹಿಂಭಾಗ ಸ್ವಲ್ಪ ಎತ್ತಿದ್ದರೆ ಮುಂದೆ ಹೋಗುತ್ತ ಬಲಕ್ಕೆ ಬಾಗುತ್ತದೆ. ಗುರಿಯ ಚೆಂಡಿಗೆ ತಾಗಿದಾಗ ಎರಡರ ನಡುವಿನ ಘರ್ಷಣೆಯಿಂದ ಆ ಚೆಂಡೂ ಕೂದಲೆಳೆಯಷ್ಟು ದಾರಿ ಬಿಡುತ್ತದೆ. ಮೂರು ತಪ್ಪುಗಳು, ಮೂರೂ ಒಂದೇ ದಿಕ್ಕಿನವಲ್ಲ, ಹೊಡೆತದ ವೇಗ ಬದಲಾದರೆ ಒಟ್ಟು ಲೆಕ್ಕವೂ ಬದಲಾಗುತ್ತದೆ. ಫ್ರಾನ್ಸಿನ ಗಣಿತಜ್ಞ ಕೊರಿಯೊಲಿಸ್ 1835ರಲ್ಲಿಯೇ ಬಿಲಿಯರ್ಡ್ಸ್ ಚೆಂಡಿನ ಚಲನೆಯ ಮೇಲೆ ಒಂದು ಗ್ರಂಥ ಬರೆದರು. ಸೂತ್ರಗಳು ಅಲ್ಲಿವೆ. ಆದರೆ ಆಟಗಾರ ಸೂತ್ರ ಹಾಕಿ ಹೊಡೆಯುವುದಿಲ್ಲ, ನಾಲ್ಕೈದು ಸೆಕೆಂಡಿನಲ್ಲಿ ಮೂರೂ ತಪ್ಪುಗಳನ್ನು ಕೈಯಲ್ಲಿಯೇ ತಿದ್ದಿ ಹೊಡೆಯುತ್ತಾನೆ. ಹೇಗೆ ತಿದ್ದುತ್ತಾನೆ? ಕೆಲವರು ಗುರಿಯನ್ನೇ ಬದಲಿಸಿಕೊಂಡು ಬಗ್ಗುತ್ತಾರೆ, ಕೆಲವರು ನೇರಕ್ಕೆ ಬಗ್ಗಿ ಆಮೇಲೆ ಹಿಂದಿನ ಕೈಯನ್ನು ಪಕ್ಕಕ್ಕೆ ಸರಿಸುತ್ತಾರೆ, ಕೆಲವರಿಗೆ ತಾವು ಏನು ಮಾಡುತ್ತೇವೆಂಬುದೇ ತಿಳಿಯದು. ಮೂರನೆಯವರನ್ನೇ ಹೆಚ್ಚು ಹೊತ್ತು ಕೂರಿಸಿಕೊಳ್ಳಬೇಕು.

ಕೂರಿಸಿಕೊಳ್ಳುವುದು ಎಂದೆ, ಆದರೆ ಸೋಫಾದ ಮೇಲಲ್ಲ. ಇಂಥ ಸಂದರ್ಶನ ಮೇಜಿನ ಪಕ್ಕದಲ್ಲಿಯೇ ಆಗಬೇಕು. ಹಳೆಯ ಪಂದ್ಯದ ವಿಡಿಯೊವನ್ನು ಒಂದು ಹೊಡೆತದ ಮೊದಲು ನಿಲ್ಲಿಸಿ. ಚೆಂಡುಗಳನ್ನು ಅದೇ ಜಾಗಗಳಲ್ಲಿ ಇಡಿ. ಆಟಗಾರನ ಕೈಗೆ ಕ್ಯೂ ಕೊಟ್ಟು, "ಇಲ್ಲಿ ನಿಂತಾಗ ಮೊದಲು ಎಲ್ಲಿ ನೋಡಿದಿರಿ?" ಎಂದು ಕೇಳಿ ಸುಮ್ಮನಿರಿ. ಬಾಯಿಗಿಂತ ಮೊದಲು ಮೈ ಉತ್ತರ ಕೊಡುತ್ತದೆ. ಅವನು ಮೇಜಿನ ಆಚೆ ಬದಿಗೆ ನಡೆದುಹೋಗಿ ಆರನೆಯ ಚೆಂಡಿನ ಹಿಂದೆ ನಿಂತುಬಿಡುತ್ತಾನೆ, ನಾವು ಕೇಳಿದ್ದು ನಾಲ್ಕನೆಯ ಚೆಂಡಿನ ಬಗ್ಗೆ! ಅಂದರೆ ಅವನ ತಲೆಯಲ್ಲಿ ನಾಲ್ಕು ಆಗಲೇ ಮುಗಿದಿದೆ. ಈ ನಡಿಗೆಯನ್ನು ಬರೆದುಕೊಳ್ಳಿ. ಕ್ಯೂವಿನ ತುದಿಗೆ ಚಾಕ್ ಉಜ್ಜುವಾಗ ಕಣ್ಣು ಎಲ್ಲಿದೆ, ಬಗ್ಗಿದ ಮೇಲೆ ಮತ್ತೆ ಎದ್ದು ನಿಂತದ್ದು ಏಕೆ, ಇವನ್ನೂ ಬರೆದುಕೊಳ್ಳಿ.

ಕಣ್ಣಿನ ಮಾತು ಬಂತು. ಬಿಲಿಯರ್ಡ್ಸ್ ಆಟಗಾರರ ನೋಟದ ಮೇಲೆ 2002ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಹೊಡೆಯುವ ಮುನ್ನ ಕಣ್ಣು ಅಲುಗದೆ ಒಂದೇ ಕಡೆ ನೆಲೆ ನಿಲ್ಲುವ ಗಳಿಗೆಯನ್ನು ಸಂಶೋಧಕರು ಅಳೆದರು. ಪಳಗಿದವರಲ್ಲಿ ಆ ಗಳಿಗೆ ದೀರ್ಘ, ಗುರಿ ಮುಟ್ಟಿದ ಹೊಡೆತಗಳಲ್ಲಿಯೂ ದೀರ್ಘ, ಹೊಡೆತ ಕಷ್ಟವಾದಂತೆ ಇನ್ನೂ ದೀರ್ಘ. ಯಂತ್ರ ಇಷ್ಟು ಹೇಳಿತು. ಆ ಗಳಿಗೆಯಲ್ಲಿ ಒಳಗೆ ಏನು ನಡೆಯುತ್ತದೆ, ಸಾಲದ ನೆನಪು ಬಂದಾಗ ಅದು ಹೇಗೆ ಒಡೆಯುತ್ತದೆ, ನಲವತ್ತೈದರ ನಂತರ ಕನ್ನಡಕ ಬಂದಾಗ ಏನಾಗುತ್ತದೆ ಎಂಬುದನ್ನು ಆ ಕಣ್ಣಿನ ಒಡೆಯನೇ ಹೇಳಬೇಕು.

ಕಿವಿಯ ಕತೆಯೂ ಇದೆ. ಅಮೆರಿಕದ ಪೂಲ್ ಆಟಗಾರ ಶೇನ್ ವ್ಯಾನ್ ಬೋನಿಂಗ್ ಹುಟ್ಟಿನಿಂದಲೇ ಶ್ರವಣದೋಷ ಇರುವವರು. ಐದು ಬಾರಿ ಅಮೆರಿಕದ ಓಪನ್ ಗೆದ್ದರು, 2022ರಲ್ಲಿ ವಿಶ್ವ ನೈನ್‌ಬಾಲ್ ಚಾಂಪಿಯನ್ ಆದರು. ಕ್ಯೂವಿನ ತುದಿ ಚೆಂಡಿಗೆ ತಾಗುವ 'ಟಕ್' ಸದ್ದನ್ನು ಕೇಳಿ ಹೊಡೆತ ಸರಿಯಾಯಿತೋ ಇಲ್ಲವೋ ಎಂದು ಅಳೆಯುವವರು ಬಹಳ ಮಂದಿ. ಹಾಗಾದರೆ ವ್ಯಾನ್ ಬೋನಿಂಗ್ ಅದನ್ನು ಬೆರಳಿನಲ್ಲಿ ಕೇಳುತ್ತಾರೆಯೇ? ಈ ಒಂದು ಪ್ರಶ್ನೆಗೇ ಅರ್ಧ ದಿನ ಮೀಸಲಿಡಬಹುದು. ಅವರ ಪ್ರಶಸ್ತಿಗಳ ಪಟ್ಟಿ ಓದಲು ಐದು ನಿಮಿಷ ಸಾಕು.

ಇನ್ನು ದುಡ್ಡು. ಈ ಆಟದ ವೃತ್ತಿಪರರು ಬಾಯಿ ಬಿಗಿಹಿಡಿಯುವುದಕ್ಕೆ ಕಾರಣ ಸಂಕೋಚವೊಂದೇ ಅಲ್ಲ, ಕಸುಬೂ ಹೌದು. ಹಿಂದೆ ಪಣದ ಆಟವೇ ಹೊಟ್ಟೆಪಾಡು. ತಾನು ಎಷ್ಟು ಚೆನ್ನಾಗಿ ಆಡುತ್ತೇನೆಂದು ಊರಿಗೆ ತಿಳಿದರೆ ಯಾರೂ ಎದುರು ನಿಲ್ಲುವುದಿಲ್ಲ. ರೇಯೆಸ್ 1985ರಲ್ಲಿ ಹ್ಯೂಸ್ಟನ್‌ಗೆ ಬಂದಾಗ ಸೀಸರ್ ಮೊರಾಲೆಸ್ ಎಂಬ ಹೆಸರಿನಲ್ಲಿ ಆಡಿದರು, ಏಕೆಂದರೆ ಅವರ ನಿಜವಾದ ಹೆಸರು ಆಗಲೇ ಸಮುದ್ರ ದಾಟಿ ಬಂದಿತ್ತು. ಮುಂದೆ ಅವರು 1994ರಲ್ಲಿ ಅಮೆರಿಕದ ಓಪನ್ ಗೆದ್ದ ಮೊದಲ ಹೊರದೇಶದವರಾದರು, 1999ರಲ್ಲಿ ಕಾರ್ಡಿಫ್‌ನಲ್ಲಿ ವಿಶ್ವ ಚಾಂಪಿಯನ್ ಆದರು. 1996ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಸ್ಟ್ರಿಕ್ಲೆಂಡ್ ಎದುರು ಒಂದು ಲಕ್ಷ ಡಾಲರಿನ ಪಂದ್ಯದಲ್ಲಿ, ಗೆದ್ದವನಿಗೆ ಎಲ್ಲ, ಸೋತವನಿಗೆ ಸೊನ್ನೆ ಎಂಬ ಕರಾರಿನಲ್ಲಿ, 120–117ರಿಂದ ಗೆದ್ದರು. 2006ರಲ್ಲಿ ಐದು ಲಕ್ಷ ಡಾಲರ್ ಮೊದಲ ಬಹುಮಾನದ ಪಂದ್ಯಾವಳಿಯನ್ನೂ ಗೆದ್ದರು. ಅದನ್ನು ನಡೆಸಿದವರು ದಿವಾಳಿಯ ಅಂಚಿಗೆ ಹೋದರು, ಹಣ ಪೂರ್ತಿಯಾಗಿ ಕೈ ಸೇರಲಿಲ್ಲ. ದಾಖಲೆ ಪುಸ್ತಕದಲ್ಲಿ ಐದು ಲಕ್ಷ ಎಂದೇ ಇದೆ. ಪುಸ್ತಕ ಮತ್ತು ಜೇಬಿನ ನಡುವಿನ ಈ ಅಂತರವನ್ನು ಬೇರೆ ಯಾವ ಅಂಕಿಅಂಶವೂ ತುಂಬಿಕೊಡುವುದಿಲ್ಲ. ಬಾಡಿಗೆ ಯಾರು ಕಟ್ಟಿದರು, ಪ್ರವಾಸಕ್ಕೆ ದುಡ್ಡು ಹಾಕಿದ ಧಣಿ ಗೆಲುವಿನಲ್ಲಿ ಎಷ್ಟು ಪಾಲು ಕಿತ್ತುಕೊಂಡ, ಸೋತ ರಾತ್ರಿ ಊಟಕ್ಕೆ ಏನಿತ್ತು, ಕೇಳಿ.

ಹೆಂಗಸರ ಕತೆ ಇನ್ನೂ ಕಡಿಮೆ ಕೇಳಿದ ಕತೆ. ಬ್ರೂಕ್ಲಿನ್ನಿನ ಜೀನ್ ಬಲೂಕಸ್ 1972ರಿಂದ 1978ರವರೆಗೆ ಸತತ ಏಳು ಬಾರಿ ಅಮೆರಿಕದ ಓಪನ್ ಗೆದ್ದವರು. 1988ರಲ್ಲಿ, ಮೂವತ್ತು ತುಂಬುವ ಮೊದಲೇ, ಒಂದು ವಿವಾದದ ಬೆನ್ನಿಗೆ ಸ್ಪರ್ಧೆಯನ್ನೇ ಬಿಟ್ಟರು, ಮತ್ತೆ ಮರಳಲಿಲ್ಲ. ನಮ್ಮವರೇ ಆದ ಬೆಂಗಳೂರಿನ ಆರ್. ಉಮಾದೇವಿ ಸರ್ಕಾರಿ ನೌಕರಿ ಮಾಡುತ್ತಲೇ ಆಡಿ 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಚಾಂಪಿಯನ್ ಆದರು. ಕಚೇರಿ ಮುಗಿಸಿ ಕ್ಲಬ್ಬಿಗೆ ಹೋಗುವ ಕನ್ನಡದ ಗೃಹಿಣಿಯೊಬ್ಬರು ಗಂಡಸರೇ ತುಂಬಿದ ಕೋಣೆಯಲ್ಲಿ ಮೇಜು ಸಿಗುವವರೆಗೆ ಕಾದದ್ದು ಎಷ್ಟು ಹೊತ್ತು, ಆ ಕೋಣೆಯ ಮಾತು ಯಾವ ದಿನದಿಂದ ಬದಲಾಯಿತು? ಇದು ಕನ್ನಡದಲ್ಲಿಯೇ ಕೇಳಿ ಕನ್ನಡದಲ್ಲಿಯೇ ಬರೆಯಬೇಕಾದ ಕತೆ.

ಭಾರತಕ್ಕೆ ವೈಯಕ್ತಿಕ ಕ್ರೀಡೆಯೊಂದರಲ್ಲಿ ಮೊದಲ ವಿಶ್ವ ಕಿರೀಟ ತಂದವರು ವಿಲ್ಸನ್ ಜೋನ್ಸ್, 1958ರಲ್ಲಿ, ಕಲ್ಕತ್ತಾದಲ್ಲಿ. ಅದೂ ಇದೇ ಹಸಿರು ಮೇಜಿನ ಮೇಲೆ. ಇಲ್ಲಿರುವ ಎಷ್ಟು ಮಂದಿಗೆ ಗೊತ್ತಿತ್ತು? (ಎರಡು ಕೈ ಮೇಲೆದ್ದವು.) ಅವರು 2003ರಲ್ಲಿ ತೀರಿಕೊಂಡರು. ಅದೇ ವರ್ಷ ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ ಹದಿನೆಂಟರ ಹರೆಯದಲ್ಲಿ ಚೀನಾದಲ್ಲಿ ವಿಶ್ವ ಸ್ನೂಕರ್ ಗೆದ್ದರು. ಇವರೆಲ್ಲ ಹೆಸರು ಮಾಡಿದವರು, ಹೇಗೋ ಒಂದಿಷ್ಟು ದಾಖಲಾಗಿದ್ದಾರೆ. ನನ್ನ ಚಿಂತೆ ಪೂಲ್ ಆಡಿ ರಾಷ್ಟ್ರಮಟ್ಟ ಮುಟ್ಟಿ, ಪ್ರಾಯೋಜಕರಿಲ್ಲದೆ ಹಿಂದೆ ಬಂದು, ಈಗ ಯಾವುದೋ ಊರಿನಲ್ಲಿ ಪಾರ್ಲರ್ ನಡೆಸುತ್ತಲೋ ಮೇಜಿಗೆ ಬಟ್ಟೆ ಬಿಗಿಯುತ್ತಲೋ ಇರುವವರದು. ನಮ್ಮ ಜಿಲ್ಲೆಯ ತೋರಣಗಲ್ಲಿನ ಬಳಿ 2018ರಲ್ಲಿ ಆರಂಭವಾದ ದೊಡ್ಡ ಕ್ರೀಡಾ ಸಂಸ್ಥೆ ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್ ಕಲಿಸುತ್ತದೆ. ಒಲಿಂಪಿಕ್ಸ್ ಗುರಿ, ಸರಿ. ಪೂಲ್ ಒಲಿಂಪಿಕ್ಸ್‌ನಲ್ಲಿ ಇಲ್ಲ. ಏಷ್ಯನ್ ಕ್ರೀಡಾಕೂಟದಲ್ಲಿ 1998ರಿಂದ 2010ರವರೆಗೆ ಇತ್ತು, ಆಮೇಲೆ ಕೈಬಿಟ್ಟರು. ಪದಕ ಇಲ್ಲದ ಕಡೆ ಕ್ಯಾಮೆರಾ ಹೋಗುವುದಿಲ್ಲ.

ಕೇಳಿ ಬರೆದಿಡುವುದು ನಮ್ಮ ಸೀಮೆಗೆ ಹೊಸ ವಿದ್ಯೆಯಲ್ಲ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಅಕ್ಷರ ಕಲಿತವರಲ್ಲ. ಅವರ ಕಂಠದಲ್ಲಿದ್ದ ಬುರ್ರಕಥೆಯ ಕಾವ್ಯಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯದವರು ಧ್ವನಿಮುದ್ರಿಸಿ ಪುಸ್ತಕವಾಗಿಸಿದರು. 2014ರಲ್ಲಿ ಈರಮ್ಮ ಹೋದರು, ಕಾವ್ಯ ಉಳಿಯಿತು. "ನಿನ್ನೆ ರಾತ್ರಿ ಈರಮ್ಮನವರ ಕಾರ್ಯಕ್ರಮ ಜರುಗಿತು, ಜನ ಮೆಚ್ಚಿದರು" ಎಂದು ಎರಡು ಸಾಲು ಬರೆದು ಎದ್ದು ಬಂದಿದ್ದರೆ ಏನು ಉಳಿಯುತ್ತಿತ್ತು? ಕ್ರೀಡಾ ವರದಿಯಲ್ಲಿ ನಾವು ಇವತ್ತಿಗೂ ಆ ಎರಡು ಸಾಲನ್ನೇ ಬರೆಯುತ್ತಿದ್ದೇವೆ. ಪೂಲ್ ಆಟವೂ ಕಾವ್ಯವೇ ಎಂದು ನಾನು ವಾದಿಸುತ್ತಿಲ್ಲ, ಗಾಬರಿಯಾಗಬೇಡಿ. ಮೈಯಲ್ಲಿ ಕುಳಿತ ವಿದ್ಯೆಯನ್ನು ಹೊರತೆಗೆಯಲು ಬೇಕಾದ ತಾಳ್ಮೆ ಎರಡೂ ಕಡೆ ಒಂದೇ ಎನ್ನುತ್ತಿದ್ದೇನೆ.

ಆರಂಭಿಸಲು ಮನಿಲಾಗೂ ಲಾಸ್ ವೇಗಸ್‌ಗೂ ಹೋಗಬೇಕಿಲ್ಲ. ನಮ್ಮ ಊರಿನ ಬಿಸಿಲೇ ಒಂದು ಒಳ್ಳೆಯ ಪ್ರಶ್ನೆ. ಮೇಜಿನ ಬಟ್ಟೆ ಒಣಗಿದ್ದಾಗ ಚೆಂಡು ಓಡುತ್ತದೆ, ತೇವ ಹಿಡಿದಾಗ ಎಳೆದು ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ನಲವತ್ತು ಡಿಗ್ರಿ ದಾಟುವ ಬಳ್ಳಾರಿಯಲ್ಲಿ ಕೈ ಪಳಗಿಸಿಕೊಂಡ ಹುಡುಗ ಮಂಗಳೂರಿನ ಮಳೆಗಾಲದಲ್ಲಿ ಪಂದ್ಯ ಆಡಲು ಹೋದರೆ ಮೊದಲ ಗಂಟೆಯೆಲ್ಲ ಅವನ ಬಿಳಿ ಚೆಂಡು ಒಂದು ಗೇಣು ಹಿಂದೆಯೇ ನಿಲ್ಲುತ್ತದೆ. ಅವನು ಅದನ್ನು ಎಷ್ಟು ಹೊಡೆತಗಳಲ್ಲಿ ಸರಿಪಡಿಸಿಕೊಂಡ, ಏನು ಬದಲಿಸಿದ, ತೋಳಿನ ಎಳೆತವನ್ನೋ ಕ್ಯೂ ಹಿಡಿದ ಬಿಗಿಯನ್ನೋ? ಗಣಿಯ ಲಾರಿಗಳು ಹಗಲಿರುಳು ಓಡುತ್ತಿದ್ದ ವರ್ಷಗಳಲ್ಲಿ ಬ್ರಷ್ ಹೊಡೆದಷ್ಟೂ ಬಟ್ಟೆಯಿಂದ ಕೆಂಪು ಧೂಳು ಏಳುತ್ತಿತ್ತೆಂದು ಮೇಜು ನೋಡಿಕೊಳ್ಳುತ್ತಿದ್ದವರೊಬ್ಬರು ನನಗೆ ಹೇಳಿದ್ದಾರೆ. ಬಟ್ಟೆ ಎಷ್ಟು ಬೇಗ ಸವೆಯಿತು, ಯಾವ ಮೂಲೆಯಲ್ಲಿ ಮೊದಲು ಸವೆಯಿತು ಎಂಬುದನ್ನು ಅವರು ಬೆರಳಿಟ್ಟು ತೋರಿಸಿದರು. ಊರಿನ ಚರಿತ್ರೆ ಬರೆಯುವವರು ಆ ಮೂಲೆಗೆ ಇನ್ನೂ ಬಂದಿಲ್ಲ.

ಇನ್ನು ಪ್ರಶ್ನೆಗಳು.

ಪತ್ರಿಕೋದ್ಯಮದ ವಿದ್ಯಾರ್ಥಿನಿಯೊಬ್ಬರು, ಆಟ ಆಡಲು ಬಾರದವರು ಇಂಥ ಸಂದರ್ಶನ ಮಾಡಬಹುದೇ ಎಂದು ಕೇಳಿದರು. ಮಾಡಬಹುದು. ಆದರೆ ಮೊದಲು ಕೆಲವು ವಾರ ಪಾರ್ಲರ್‌ನಲ್ಲಿ ಕುಳಿತು ಅಂಕ ಬರೆಯಿರಿ, ಫೌಲ್ ಯಾವುದೆಂದು ಯಾರೂ ಹೇಳದೆ ತಿಳಿಯುವಷ್ಟು ನೋಡಿ. ಸಂದರ್ಶನಕ್ಕೆ ಹೋಗುವಾಗ ಆಡಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರು ಚೆಂಡು ಜೋಡಿಸಲಿ, ನೀವು ಕೇಳಿ. ಆಟ ಬಲ್ಲವನು ಒಬ್ಬನೇ ಹೋದರೆ ಇಬ್ಬರಿಗೂ ಗೊತ್ತಿರುವುದನ್ನು ಇಬ್ಬರೂ ಹೇಳುವುದಿಲ್ಲ, ಧ್ವನಿಮುದ್ರಣದ ತುಂಬ "ಅದೇ ಅದೇ" ಎಂಬುದೇ ಇರುತ್ತದೆ. ಮತ್ತೊಂದು ಮಾತು. ಹಳೆಯ ಆಟಗಾರರು ಉತ್ಪ್ರೇಕ್ಷೆಯಲ್ಲಿಯೂ ಪಳಗಿದವರು. ಗೆದ್ದ ಪಂದ್ಯದ ಬಗ್ಗೆ ಸೋತವರನ್ನೂ ಕೇಳಿ.

ಹಿಂದಿನ ಸಾಲಿನ ಹಿರಿಯರೊಬ್ಬರ ಪ್ರಶ್ನೆ ಖಾರವಾಗಿತ್ತು. ಪಣ, ಜೂಜು ಎಂದೆಲ್ಲ ಕೆದಕಿದರೆ ಮೊದಲೇ ಕೆಟ್ಟ ಹೆಸರಿರುವ ಆಟಕ್ಕೆ ಇನ್ನಷ್ಟು ಮಸಿ ಬಳಿದಂತಾಗುವುದಿಲ್ಲವೇ? ನಾನು ಹಾಗೆ ಎಣಿಸುವುದಿಲ್ಲ. 2023ರ ಜೂನ್‌ನಲ್ಲಿ ವೃತ್ತಿಪರ ಸ್ನೂಕರ್‌ನ ಹತ್ತು ಮಂದಿ ಚೀನೀ ಆಟಗಾರರ ಮೇಲೆ ಪಂದ್ಯಗಳ ಮೋಸದಾಟಕ್ಕಾಗಿ ನಿಷೇಧ ಬಿತ್ತು, ಇಬ್ಬರಿಗೆ ಆಜೀವ. ಹಿರಿಯ ಆಟಗಾರ ಕಿರಿಯರನ್ನು ಹೇಗೆ ಎಳೆದುಕೊಂಡ, ಯಾರು ಹೇಗೆ ಒಪ್ಪಿದರು ಎಂಬುದು ಹೊರಬಂದದ್ದು ವಿಚಾರಣೆಯಲ್ಲಿ. ಆ ಹುಡುಗರನ್ನು ಅದಕ್ಕೂ ಮೊದಲು ಪಂದ್ಯ ಮುಗಿದಾಗಲೆಲ್ಲ ಮೈಕು ಹಿಡಿದು ಮಾತನಾಡಿಸಿದ್ದರು, ಹೇಗನಿಸುತ್ತಿದೆ ಎಂದು. ಇಂಥ ವಿಷಯ ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಧ್ವನಿಮುದ್ರಿಸುತ್ತಿರುವುದನ್ನು ಮೊದಲೇ ತಿಳಿಸಿ, ಬರೆದದ್ದನ್ನು ಅಚ್ಚಿಗೆ ಮುನ್ನ ಅವರಿಗೆ ಓದಿ ಹೇಳಿ, ಮೂರನೆಯವರ ಹೆಸರು ಬೇಡವೆಂದರೆ ತೆಗೆಯಿರಿ. ಮೊತ್ತವನ್ನು ಮಾತ್ರ ತೆಗೆಯಬೇಡಿ. ಹತ್ತು ರೂಪಾಯಿಯ ಪಣಕ್ಕೂ ಹತ್ತು ಸಾವಿರದ ಪಣಕ್ಕೂ ಒಂದೇ ಚೆಂಡನ್ನು ಒಬ್ಬನೇ ಮನುಷ್ಯ ಬೇರೆ ಬೇರೆ ಹೊಡೆಯುತ್ತಾನೆ. ಆ ವ್ಯತ್ಯಾಸ ಕೇಳಲೆಂದೇ ನಾವು ಅಲ್ಲಿಗೆ ಹೋಗಿರುತ್ತೇವೆ.